‘ಕಿಂಗ್ ಲಿಯರ್’ ಪಾತ್ರಗಳಲ್ಲಿ ಒಳಿತು ಮತ್ತು ಕೆಡುಕನ್ನು ಓದುವ ಬಗೆ: ಸಮಗ್ರ ಮಾರ್ಗದರ್ಶಿ

ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ ನಾಟಕದ ಪಾತ್ರಗಳನ್ನು ಒಳ್ಳೆಯವರು, ಕೆಟ್ಟವರು ಎಂದು ಎರಡು ಸಾಲಿನಲ್ಲಿ ನಿಲ್ಲಿಸುವುದು ಬಹಳ ಸುಲಭ. ರಾಜ ಲಿಯರ್‌ನ ಕಿರಿಯ ಮಗಳು ಕಾರ್ಡೀಲಿಯ, ಅವನ ನಿಷ್ಠ ಸರದಾರ ಕೆಂಟ್, ಇನ್ನೊಬ್ಬ ಸರದಾರ ಗ್ಲಾಸ್ಟರನ ಹಿರಿಯ ಮಗ ಎಡ್ಗರ್ ಒಂದು ಕಡೆ. ಲಿಯರ್‌ನ ಹಿರಿಯ ಹೆಣ್ಣುಮಕ್ಕಳಾದ ಗಾನೆರಿಲ್, ರೀಗನ್, ರೀಗನ್‌ಳ ಗಂಡ ಕಾರ್ನ್‌ವಾಲ್, ಗ್ಲಾಸ್ಟರನ ಇನ್ನೊಬ್ಬ ಮಗ ಎಡ್ಮಂಡ್ ಇನ್ನೊಂದು ಕಡೆ. ಕಾಲೇಜು ಪರೀಕ್ಷೆಯ ಉತ್ತರಗಳಲ್ಲಿ ಹೆಚ್ಚಾಗಿ ಕಾಣುವುದು ಈ ಪಟ್ಟಿಯೇ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಪಟ್ಟಿ ಮುಗಿದ ಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ, ನಾಟಕವಾದರೋ ಅಲ್ಲಿಂದ ಮುಂದೆ ಶುರುವಾಗುತ್ತದೆ. ಈ ನಾಟಕದಲ್ಲಿ ಒಳಿತು, ಕೆಡುಕುಗಳು ವ್ಯಕ್ತಿಗಳಿಗೆ ಅಂಟಿಸಿದ ಹಣೆಪಟ್ಟಿಗಳಲ್ಲ. ಒಂದು ನಿರ್ದಿಷ್ಟ ಗಳಿಗೆಯಲ್ಲಿ ಒಬ್ಬ ಮನುಷ್ಯ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸಗಳು ಎಂಬುದು ನನ್ನ ನಿಲುವು. ಆ ಗಳಿಗೆಗಳನ್ನು ಗುರುತಿಸಿ, ತೂಗಿ ನೋಡಿ, ಅವುಗಳ ಬಗ್ಗೆ ಬರೆಯುವುದು ಹೇಗೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಮೊದಲ ಹಂತ: ಯಾವ ಪಠ್ಯ ನಿಮ್ಮ ಕೈಯಲ್ಲಿದೆ ಎಂದು ನೋಡಿ

ಈ ನಾಟಕ ಎರಡು ರೂಪಗಳಲ್ಲಿ ಉಳಿದು ಬಂದಿದೆ: 1608ರಲ್ಲಿ ಅಚ್ಚಾದ ಕ್ವಾರ್ಟೊ (ಸಣ್ಣ ಆಕಾರದ ಬಿಡಿ ಪುಸ್ತಕ) ಮತ್ತು 1623ರ ಫೋಲಿಯೊ (ದೊಡ್ಡ ಆಕಾರದ ನಾಟಕ ಸಂಗ್ರಹ). ಕ್ವಾರ್ಟೊದಲ್ಲಿರುವ ಸುಮಾರು 300 ಸಾಲುಗಳು ಫೋಲಿಯೊದಲ್ಲಿಲ್ಲ. ಫೋಲಿಯೊದ ಸುಮಾರು 100 ಸಾಲುಗಳು ಕ್ವಾರ್ಟೊದಲ್ಲಿಲ್ಲ. ಬಹುಕಾಲ ಸಂಪಾದಕರು ಎರಡನ್ನೂ ಬೆಸೆದು ಒಂದೇ ಪಠ್ಯವಾಗಿ ಅಚ್ಚು ಹಾಕಿದ್ದರಿಂದ ನಮ್ಮಲ್ಲಿ ಅನೇಕರು ಓದಿರುವುದು ಆ ಬೆಸುಗೆಯ ಪಠ್ಯವನ್ನೇ.

ಇದು ವಿದ್ವಾಂಸರಿಗಷ್ಟೇ ಬೇಕಾದ ವಿಷಯವೆಂದು ಬದಿಗೆ ಸರಿಸಬೇಡಿ, ಏಕೆಂದರೆ ಪಾತ್ರಗಳ ನೈತಿಕ ತೂಕವೇ ಇದರಿಂದ ಬದಲಾಗುತ್ತದೆ. ಆಲ್ಬನಿಯನ್ನೇ ತೆಗೆದುಕೊಳ್ಳಿ. ನಾಲ್ಕನೆಯ ಅಂಕದ ಎರಡನೆಯ ದೃಶ್ಯದಲ್ಲಿ ಅವನು ಹೆಂಡತಿ ಗಾನೆರಿಲ್‌ಳನ್ನು ನೇರವಾಗಿ ಖಂಡಿಸುತ್ತಾನೆ. ಇಂಥ ದುಷ್ಟತನಕ್ಕೆ ತಡೆ ಬೀಳದಿದ್ದರೆ ಮನುಷ್ಯರು ಕಡಲಾಳದ ಮೃಗಗಳಂತೆ ಒಬ್ಬರನ್ನೊಬ್ಬರು ತಿನ್ನತೊಡಗುತ್ತಾರೆ ಎನ್ನುತ್ತಾನೆ. ಆ ಮಾತಿನ ಬಹುಭಾಗ ಫೋಲಿಯೊದಲ್ಲಿ ಇಲ್ಲ. ಹೀಗಾಗಿ ಕ್ವಾರ್ಟೊ ಓದಿದವರಿಗೆ ಆಲ್ಬನಿ ತಡವಾಗಿಯಾದರೂ ಎದ್ದು ನಿಂತವನಾಗಿ, ಫೋಲಿಯೊ ಓದಿದವರಿಗೆ ಕೊನೆಯವರೆಗೂ ಹಿಂಜರಿದವನಾಗಿ ಕಾಣುತ್ತಾನೆ. ನಾಟಕದ ಕೊನೆಯ ಮಾತುಗಳನ್ನು ಕ್ವಾರ್ಟೊ ಆಲ್ಬನಿಯ ಬಾಯಲ್ಲಿ ಇಟ್ಟರೆ ಫೋಲಿಯೊ ಎಡ್ಗರನ ಬಾಯಲ್ಲಿ ಇಡುತ್ತದೆ. ನಿಮ್ಮ ಪ್ರತಿಯ ಮುನ್ನುಡಿಯಲ್ಲಿ ಅದು ಯಾವ ಪಠ್ಯವನ್ನು ಅನುಸರಿಸಿದೆ ಎಂಬುದನ್ನು ನೋಡಿ ಬರೆದಿಟ್ಟುಕೊಳ್ಳಿ. ಕನ್ನಡದಲ್ಲಿ ಓದುವವರಿಗೆ ಮಾಸ್ತಿಯವರ ‘ಲಿಯರ್ ಮಹಾರಾಜ’ ಇದೆ. ಮೊದಲ ಓದಿಗೆ ಅದನ್ನು ಇಟ್ಟುಕೊಂಡು, ಎರಡನೆಯ ಓದಿಗೆ ಟಿಪ್ಪಣಿಗಳಿರುವ ಒಂದು ಇಂಗ್ಲಿಷ್ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಹಂತ: ಗುಣಗಳ ಬದಲು ಕೆಲಸಗಳನ್ನು ಪಟ್ಟಿ ಮಾಡಿ

ಒಂದು ಹಾಳೆಯಲ್ಲಿ ದೃಶ್ಯವಾರು ಮೂರು ಸಂಗತಿಗಳನ್ನು ಬರೆಯುತ್ತ ಹೋಗಿ: ಈ ಪಾತ್ರ ಇಲ್ಲಿ ಏನು ಮಾಡಿತು, ಅದಕ್ಕೆ ಕೊಟ್ಟ ಕಾರಣವೇನು, ಅದರ ಬೆಲೆಯನ್ನು ಯಾರು ತೆತ್ತರು. ‘ಕ್ರೂರಿ’, ‘ನಿಷ್ಠಾವಂತ’, ‘ಮುಗ್ಧೆ’ ಎಂಬಂಥ ವಿಶೇಷಣಗಳನ್ನು ಈ ಹಾಳೆಯೊಳಗೆ ಬಿಟ್ಟುಕೊಳ್ಳಲೇಬೇಡಿ.

ಮೊದಲ ದೃಶ್ಯದಲ್ಲೇ ಈ ವಿಧಾನದ ಉಪಯೋಗ ತಿಳಿಯುತ್ತದೆ. ಲಿಯರ್ ಸಿಟ್ಟಿನಿಂದ ಪಾಲು ಕಿತ್ತುಕೊಂಡದ್ದರಿಂದ ವರದಕ್ಷಿಣೆ ಇಲ್ಲವೆಂದು ಗೊತ್ತಾದ ಕೂಡಲೇ ಬರ್ಗಂಡಿಯ ಡ್ಯೂಕ್ ಕಾರ್ಡೀಲಿಯಳನ್ನು ಕೈಬಿಡುತ್ತಾನೆ. ಫ್ರಾನ್ಸಿನ ರಾಜ ಅವಳೇ ಒಂದು ವರದಕ್ಷಿಣೆ ಎಂದು ಹೇಳಿ ಕೈಹಿಡಿಯುತ್ತಾನೆ. ಬರ್ಗಂಡಿ ದುಷ್ಟನೇನಲ್ಲ, ಮಾತಾಡಿಕೊಂಡ ಒಪ್ಪಂದದಂತೆ ನಡೆಯಲಿ ಎಂದಷ್ಟೇ ಕೇಳುವವನು. ಆದರೂ ಅವನ ಲೆಕ್ಕಾಚಾರದ ಬೆಲೆಯನ್ನು ಒಬ್ಬ ಹೆಣ್ಣುಮಗಳು ತೆರಬೇಕಾಗಿತ್ತು; ಫ್ರಾನ್ಸಿನ ರಾಜ ಆ ಬೆಲೆಯನ್ನು ತನ್ನ ಮೇಲೆ ಹಾಕಿಕೊಂಡ. ಇಬ್ಬರಿಗೂ ಯಾವ ವಿಶೇಷಣ ಅಂಟಿಸದಿದ್ದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಕಾರಣದ ಅಂಕಣವನ್ನು ತುಂಬುವಾಗ ಮಾತ್ರ ಎಚ್ಚರ ಬೇಕು. ಇಲ್ಲಿ ಸದ್ಗುಣಗಳ ಹೆಸರುಗಳನ್ನು ಧಾರಾಳವಾಗಿ ಬಳಸುವವರು ಕೇಡಿಗರೇ. ತಂದೆಯನ್ನು ಕಾರ್ನ್‌ವಾಲ್‌ಗೆ ಹಿಡಿದುಕೊಡುವ ಎಡ್ಮಂಡ್, ರಕ್ತಸಂಬಂಧ ಎಷ್ಟೇ ಜಗ್ಗಿದರೂ ತಾನು ನಿಷ್ಠೆಯ ದಾರಿ ಬಿಡುವುದಿಲ್ಲ ಎನ್ನುತ್ತಾನೆ. ಮುದುಕ ಗ್ಲಾಸ್ಟರನನ್ನು ಕುರ್ಚಿಗೆ ಕಟ್ಟಿಸುವವರು ಅವನನ್ನು ‘ದ್ರೋಹಿ’ ಎಂದು ಕೂಗುತ್ತಾರೆ. ಪಾತ್ರಗಳು ತಮಗೆ ತಾವೇ ಕೊಟ್ಟುಕೊಂಡ ಹೆಸರುಗಳನ್ನು ಸಾಕ್ಷ್ಯವೆಂದು ಎಣಿಸದೆ ಹೇಳಿಕೆಗಳೆಂದು ಮಾತ್ರ ದಾಖಲಿಸಿ.

ಮೂರನೆಯ ಹಂತ: ‘ಒಳ್ಳೆಯವರು’ ಬಿತ್ತಿದ್ದನ್ನು ಮೊದಲು ಹುಡುಕಿ

ನಾಟಕ ಶುರುವಾಗುವುದು ಲಿಯರ್‌ನಿಂದಲ್ಲ, ಗ್ಲಾಸ್ಟರನ ಹರಟೆಯಿಂದ. ತನ್ನ ಮದುವೆಯಾಚೆಯ ಮಗ ಎಡ್ಮಂಡನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಅವನು ಹುಟ್ಟಿದ ಬಗೆಯನ್ನು ಕೆಂಟನ ಮುಂದೆ ಮೋಜಿನ ಕಥೆಯಂತೆ ಹೇಳುತ್ತಾನೆ. ಹುಡುಗ ಒಂಬತ್ತು ವರ್ಷ ಹೊರಗಿದ್ದ, ಮತ್ತೆ ಹೊರಗೇ ಹೋಗುತ್ತಾನೆ ಎಂದೂ ಸೇರಿಸುತ್ತಾನೆ. ಎಡ್ಮಂಡ್ ವಿನಯದಿಂದ ಎರಡು ಮೂರು ಮಾತನಾಡಿ ಸುಮ್ಮನಿರುತ್ತಾನೆ. ಮುಂದೆ ನಡೆಯುವ ಕೆಡುಕಿಗೆ ಈ ಹರಟೆ ಸಮರ್ಥನೆಯಾಗದಿದ್ದರೂ ಹಾಳೆಯಲ್ಲಿ ಇದಕ್ಕೆ ಒಂದು ಸಾಲು ಸಲ್ಲಬೇಕು, ಏಕೆಂದರೆ ಇಲ್ಲಿ ಒಬ್ಬನ ಮೋಜಿನ ಬೆಲೆಯನ್ನು ಇನ್ನೊಬ್ಬ ತೆರುತ್ತಿದ್ದಾನೆ.

ಲಿಯರ್ ಮಾಡುವುದು ಇದಕ್ಕಿಂತ ದೊಡ್ಡ ತಪ್ಪು. ಯಾರು ನನ್ನನ್ನು ಹೆಚ್ಚು ಪ್ರೀತಿಸುತ್ತೀರೆಂದು ಹೇಳಿ, ಅದಕ್ಕೆ ತಕ್ಕಂತೆ ಭೂಮಿ ಕೊಡುತ್ತೇನೆ ಎಂದು ಮೂವರು ಹೆಣ್ಣುಮಕ್ಕಳ ನಡುವೆ ಸ್ಪರ್ಧೆ ಏರ್ಪಡಿಸುತ್ತಾನೆ. ಅಡ್ಡ ಬಂದ ಕೆಂಟನಿಗೆ ಗಡೀಪಾರು. ಮುಂದೆ ಅವನು ಅನುಭವಿಸುವ ನೋವು ಈ ತಪ್ಪಿಗೆ ಮೀರಿದ್ದು ಎಂಬುದು ನಿಜವಾದರೂ, ಪ್ರೀತಿಯನ್ನು ಅಳತೆಗೆ ಇಳಿಸಿದ ಮೊದಲಿಗ ಅವನೇ ಎಂಬ ಮಾತನ್ನು ನೆನಪಿಡಿ. ಮುಂದಿನ ಹಂತಕ್ಕೆ ಇದು ಬೇಕು.

ಕಾರ್ಡೀಲಿಯಳ ‘ಏನೂ ಇಲ್ಲ’ ಎಂಬ ಉತ್ತರದ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯವಿದೆ. ಅದರಲ್ಲಿ ಅಪ್ಪನಿಂದಲೇ ಬಂದ ಹಟದ ಎಳೆಯೊಂದಿದೆ ಎಂದು ಹಲವರು ಹೇಳುತ್ತಾರೆ. ನನಗೂ ಆ ಎಳೆ ಕಾಣುತ್ತದೆ. ಆದರೆ ಆ ಮಾತಿನ ಬೆಲೆಯನ್ನು ಆ ದಿನ ತೆತ್ತವಳು ಅವಳೊಬ್ಬಳೇ.

ನಾಲ್ಕನೆಯ ಹಂತ: ನೂರರಿಂದ ಸೊನ್ನೆಗೆ ಇಳಿಯುವ ಲೆಕ್ಕವನ್ನು ಸಾಲು ಸಾಲಾಗಿ ಹಿಂಬಾಲಿಸಿ

ಕೆಡುಕು ಹೇಗೆ ಬೆಳೆಯುತ್ತದೆ ಎಂಬುದನ್ನು ನೋಡಲು ಎರಡನೆಯ ಅಂಕದ ಕೊನೆಯ ಭಾಗಕ್ಕಿಂತ ಉತ್ತಮ ಜಾಗ ಇಲ್ಲ. ಇದನ್ನು ಗಟ್ಟಿಯಾಗಿ ಓದಿ, ಸಂಖ್ಯೆ ಬಂದಲ್ಲೆಲ್ಲ ಗುರುತು ಹಾಕಿ.

ರಾಜ್ಯ ಬಿಟ್ಟುಕೊಡುವಾಗ ಲಿಯರ್ ತನಗಾಗಿ ಉಳಿಸಿಕೊಂಡದ್ದು ನೂರು ಸರದಾರರನ್ನು. ಗಾನೆರಿಲ್ ಅದನ್ನು ಐವತ್ತಕ್ಕೆ ಇಳಿಸುತ್ತಾಳೆ. ಅವಳ ದೂರಿನಲ್ಲಿ ಹುರುಳೇ ಇಲ್ಲವೆನ್ನಲು ಬಾರದು: ತನ್ನ ವಿದೂಷಕನನ್ನು ಗದರಿಸಿದ್ದಕ್ಕೆ ಲಿಯರ್ ಅವಳ ಕಡೆಯವನೊಬ್ಬನಿಗೆ ಹೊಡೆದಿದ್ದಾನೆ, ಅವನ ಪರಿವಾರ ಗದ್ದಲ ಎಬ್ಬಿಸುತ್ತಿದೆ ಎಂದು ಅವಳು ಹೇಳುತ್ತಾಳೆ. ಆದರೆ ಅದೇ ಉಸಿರಿನಲ್ಲಿ, ಅಪ್ಪನ ಬಗ್ಗೆ ಬೇಕೆಂದೇ ಉದಾಸೀನ ತೋರಿಸಿ ಜಗಳಕ್ಕೆ ನೆಪ ಹುಟ್ಟಿಸುವಂತೆ ತನ್ನ ಮನೆವಾರ್ತೆಯ ಆಳು ಆಸ್ವಾಲ್ಡ್‌ಗೆ ಅಪ್ಪಣೆ ಕೊಡುತ್ತಾಳೆ. ನ್ಯಾಯವಾದ ದೂರು ಮತ್ತು ಹೂಡಿದ ಸಂಚು ಎರಡೂ ಒಟ್ಟಿಗೇ ಇವೆ. ಹಾಳೆಯಲ್ಲಿ ಎರಡನ್ನೂ ಬರೆಯಿರಿ.

ಲಿಯರ್ ರೀಗನ್‌ಳ ಬಳಿಗೆ ಹೋದರೆ ಅವಳು ಇಪ್ಪತ್ತೈದಕ್ಕಿಂತ ಹೆಚ್ಚು ಬೇಡ ಎನ್ನುತ್ತಾಳೆ. ಆಗ ಅವನು ಗಾನೆರಿಲ್ ಕಡೆಗೆ ತಿರುಗಿ ಹೇಳುವ ಮಾತು ಮನಕಲಕುವಂಥದ್ದು: ನಿನ್ನ ಐವತ್ತು ಇವಳ ಇಪ್ಪತ್ತೈದರ ಎರಡರಷ್ಟಾಯಿತು, ಹಾಗಾಗಿ ನಿನ್ನ ಪ್ರೀತಿ ಇವಳ ಪ್ರೀತಿಯ ಎರಡರಷ್ಟು. ಮೊದಲ ದೃಶ್ಯದ ಅಳತೆಗೋಲು ಇನ್ನೂ ಅವನ ಕೈಯಲ್ಲೇ ಇದೆ. ತಕ್ಷಣ ಗಾನೆರಿಲ್ ಕೇಳುತ್ತಾಳೆ, ಇಪ್ಪತ್ತೈದಾದರೂ ಏಕೆ, ಹತ್ತು ಏಕೆ, ಐದು ಏಕೆ? ರೀಗನ್ ಮುಗಿಸುತ್ತಾಳೆ: ಒಬ್ಬನಾದರೂ ಏಕೆ?

ಇಲ್ಲಿ ಯಾರೂ ಕತ್ತಿ ಎತ್ತಿಲ್ಲ, ಯಾರೂ ಬೈದು ಹೊರದಬ್ಬಿಲ್ಲ. ಆಡಿದ ಪ್ರತಿಯೊಂದು ಮಾತೂ ಮನೆಯ ಆಡಳಿತ ನೋಡಿಕೊಳ್ಳುವವರ ವ್ಯಾವಹಾರಿಕ ಮಾತು. ಕೊನೆಗೆ ಎಂಬತ್ತು ದಾಟಿದ ಮುದುಕನೊಬ್ಬ ಬಿರುಗಾಳಿಯಲ್ಲಿ ನಿಂತಿದ್ದಾನೆ, ಒಳಗೆ ಬಾಗಿಲು ಮುಚ್ಚಲು ಅಪ್ಪಣೆಯಾಗುತ್ತದೆ. ಅಗತ್ಯವೆಷ್ಟೆಂದು ವಾದ ಹೂಡಬೇಡಿ, ಕಡುಬಡವನ ಬಳಿಯೂ ಅಗತ್ಯಕ್ಕಿಂತ ಒಂದಿಷ್ಟು ಹೆಚ್ಚೇ ಇರುತ್ತದೆ ಎಂಬ ಲಿಯರ್‌ನ ಉತ್ತರವನ್ನು ಈ ಸಂಖ್ಯೆಗಳ ಪಕ್ಕದಲ್ಲಿಟ್ಟು ಓದಿ. ಸಮಂಜಸವೆನಿಸುವ ಸಣ್ಣ ಸಣ್ಣ ಮೆಟ್ಟಿಲುಗಳನ್ನು ಇಳಿಯುತ್ತ ಮನುಷ್ಯರು ಎಲ್ಲಿಗೆ ಮುಟ್ಟುತ್ತಾರೆ ಎಂಬುದನ್ನು ಶೇಕ್ಸ್‌ಪಿಯರ್ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ತೋರಿಸಿಲ್ಲ ಎಂದೇ ನನ್ನ ಅನಿಸಿಕೆ.

ಐದನೆಯ ಹಂತ: ಎಡ್ಮಂಡನ ಸ್ವಗತಗಳಿಗೆ ಮರುಳಾಗದೆ, ಅವುಗಳನ್ನು ತಳ್ಳಿಹಾಕದೆ ಓದಿ

ಎಡ್ಮಂಡ್ ಬುದ್ಧಿವಂತ, ಮಾತುಗಾರ. ಪ್ರೇಕ್ಷಕರೊಂದಿಗೆ ನೇರವಾಗಿ ಮಾತನಾಡುವ ಅವಕಾಶವೂ ಅವನಿಗಿದೆ. ಅಣ್ಣನಿಗಿಂತ ಹನ್ನೆರಡೋ ಹದಿನಾಲ್ಕೋ ತಿಂಗಳು ತಡವಾಗಿ ಹುಟ್ಟಿದ್ದಕ್ಕೆ, ವಿವಾಹದ ಚೌಕಟ್ಟಿನ ಹೊರಗೆ ಹುಟ್ಟಿದ್ದಕ್ಕೆ ತಾನೇಕೆ ಕೀಳಾಗಬೇಕು ಎಂಬ ಅವನ ಪ್ರಶ್ನೆಗೆ ನಾಟಕದಲ್ಲಿ ಯಾರೂ ಸರಿಯಾದ ಉತ್ತರ ಕೊಡುವುದಿಲ್ಲ. ಮನುಷ್ಯರು ತಮ್ಮ ದುರ್ನಡತೆಗೆ ಸೂರ್ಯ, ಚಂದ್ರ, ನಕ್ಷತ್ರಗಳನ್ನು ದೂರುವುದನ್ನು ಅವನು ಗೇಲಿ ಮಾಡುವುದೂ ಸರಿಯೇ. ಇಷ್ಟನ್ನು ಒಪ್ಪಿಕೊಳ್ಳಿ. ಆಮೇಲೆ ಹಾಳೆಗೆ ಮರಳಿ, ಈ ವಾದದ ಬೆಲೆಯನ್ನು ಯಾರು ತೆತ್ತರು ಎಂದು ನೋಡಿ. ಸಮಾಜದ ಅನ್ಯಾಯಕ್ಕೆ ದಂಡ ಕಟ್ಟಿದವನು ಅವನಿಗೆ ಏನೂ ಕೇಡು ಮಾಡದ ಎಡ್ಗರ್. ಆಮೇಲೆ ಕಣ್ಣು ಕಳೆದುಕೊಂಡ ತಂದೆ.

ಅವನ ಕೊನೆಯ ಗಳಿಗೆಗಳಿಗೆ ಹೆಚ್ಚು ಸಮಯ ಕೊಡಿ. ಸಾಯುತ್ತಿರುವ ಎಡ್ಮಂಡ್, ತನಗಾಗಿ ಗಾನೆರಿಲ್ ತಂಗಿ ರೀಗನ್‌ಳಿಗೆ ವಿಷವಿಟ್ಟು ತನ್ನನ್ನೂ ಕೊಂದುಕೊಂಡಳೆಂದು ತಿಳಿದು, ಹಾಗಾದರೆ ಎಡ್ಮಂಡನನ್ನೂ ಪ್ರೀತಿಸುವವರಿದ್ದರು ಎನ್ನುತ್ತಾನೆ. ಅದಾದ ಮೇಲೆಯೇ, ತನ್ನ ಸ್ವಭಾವಕ್ಕೆ ವಿರುದ್ಧವಾಗಿಯಾದರೂ ಸ್ವಲ್ಪ ಒಳ್ಳೆಯದು ಮಾಡಬೇಕೆಂದು, ಕಾರ್ಡೀಲಿಯಳನ್ನು ಕೊಲ್ಲಲು ತಾನು ಕೊಟ್ಟ ಆಜ್ಞೆಯನ್ನು ಬಯಲು ಮಾಡುತ್ತಾನೆ. ಆಗಲೇ ತಡವಾಗಿರುತ್ತದೆ. ಫಲಿಸದ ಒಳ್ಳೆಯ ಕೆಲಸವನ್ನು ಯಾವ ಸಾಲಿನಲ್ಲಿ ಬರೆಯುವುದು? ನಾನು ಅದನ್ನು ಒಳಿತೆಂದೇ ಬರೆದುಕೊಳ್ಳುತ್ತೇನೆ, ಪಕ್ಕದಲ್ಲಿ ಆ ತಡವನ್ನೂ ಬರೆಯುತ್ತೇನೆ: ಅಪ್ಪನ ಸಾವಿನ ಕಥೆ ಕೇಳಿ ಮನ ಕರಗಿತೆಂದು ಹೇಳಿದ ಮೇಲೂ ಅವನು ಬಹಳ ಹೊತ್ತು ಬಾಯಿ ಬಿಡಲಿಲ್ಲ.

ಆರನೆಯ ಹಂತ: ಸೇವಕರನ್ನು ಒಟ್ಟಿಗೆ ಇಟ್ಟು ನೋಡಿ

ಒಂದೇ ಹಂತಕ್ಕೆ ಸಮಯವಿದ್ದರೆ ಇದನ್ನೇ ಮಾಡಿ. ನಿಷ್ಠೆ ಒಳ್ಳೆಯ ಗುಣವೇ ಎಂಬ ಪ್ರಶ್ನೆಯನ್ನು ನಾಟಕ ರಾಜರಾಣಿಯರ ಮೂಲಕ ಕೇಳುವುದಕ್ಕಿಂತ ಹೆಚ್ಚು ಹರಿತವಾಗಿ ಅವರ ಆಳುಗಳ ಮೂಲಕ ಕೇಳುತ್ತದೆ.

ಮೂರನೆಯ ಅಂಕದ ಏಳನೆಯ ದೃಶ್ಯ. ಕಾರ್ನ್‌ವಾಲ್ ಗ್ಲಾಸ್ಟರನ ಒಂದು ಕಣ್ಣನ್ನು ಕಿತ್ತಿದ್ದಾನೆ. ಒಂದು ಕಡೆ ಇನ್ನೊಂದು ಕಡೆಯನ್ನು ಅಣಕಿಸೀತು, ಇನ್ನೊಂದನ್ನೂ ಕೀಳು ಎಂದು ರೀಗನ್ ಹೇಳುತ್ತಾಳೆ. ಆಗ ಅಲ್ಲಿಯವರೆಗೆ ಬಾಯಿ ಬಿಡದೆ ನಿಂತಿದ್ದ ಒಬ್ಬ ಆಳು ಮುಂದೆ ಬರುತ್ತಾನೆ. ಅವನಿಗೆ ನಾಟಕ ಹೆಸರನ್ನೂ ಕೊಟ್ಟಿಲ್ಲ. ಚಿಕ್ಕಂದಿನಿಂದ ನಿಮ್ಮ ಸೇವೆ ಮಾಡಿದ್ದೇನೆ, ಆದರೆ ಕೈ ತಡೆಯಿರಿ ಎಂದು ಈಗ ಹೇಳುವುದಕ್ಕಿಂತ ಒಳ್ಳೆಯ ಸೇವೆಯನ್ನು ಎಂದೂ ಮಾಡಿಲ್ಲ ಎಂದು ಅವನು ಒಡೆಯನಿಗೆ ಹೇಳುತ್ತಾನೆ. ಕಾದಾಟವಾಗುತ್ತದೆ. ಕಾರ್ನ್‌ವಾಲ್‌ಗೆ ಸಾಯುವ ಗಾಯವಾಗುತ್ತದೆ. ರೀಗನ್ ಇನ್ನೊಬ್ಬನ ಕತ್ತಿ ಕಿತ್ತುಕೊಂಡು ಆಳನ್ನು ಹಿಂದಿನಿಂದ ಇರಿಯುತ್ತಾಳೆ. ಗ್ಲಾಸ್ಟರನ ಎರಡನೆಯ ಕಣ್ಣು ಹೇಗೂ ಉಳಿಯುವುದಿಲ್ಲ. ಆ ಆಳು ಆಡುವ ಮಾತು ಕೆಲವೇ ಸಾಲು, ಆದರೆ ಇಡೀ ನಾಟಕದಲ್ಲಿ ಅನ್ಯಾಯ ನಡೆಯುತ್ತಿರುವ ಕ್ಷಣದಲ್ಲೇ ಅದಕ್ಕೆ ಮೈಯೊಡ್ಡಿ ಪ್ರಾಣ ಕೊಡುವವನು ಅವನೊಬ್ಬನೇ. ಕ್ವಾರ್ಟೊದಲ್ಲಿ ಉಳಿದ ಇಬ್ಬರು ಆಳುಗಳು ಗ್ಲಾಸ್ಟರನ ರಕ್ತ ಸುರಿಯುವ ಮುಖಕ್ಕೆ ಹಚ್ಚಲು ನಾರು ಮತ್ತು ಮೊಟ್ಟೆಯ ಬಿಳಿ ತರಲು ಹೊರಡುತ್ತಾರೆ. ಫೋಲಿಯೊದಲ್ಲಿ ಈ ಮಾತುಕತೆ ಇಲ್ಲ. ಮರುದೃಶ್ಯದಲ್ಲಿ ಗ್ಲಾಸ್ಟರನ ಮನೆತನದ ಒಕ್ಕಲಾಗಿ ಎಂಬತ್ತು ವರ್ಷ ಬಾಳಿದ ಮುದುಕನೊಬ್ಬ ಅವನ ಕೈಹಿಡಿದು ನಡೆಸುತ್ತಾನೆ, ಅಲ್ಲಿರುವ ಬೆತ್ತಲೆ ಭಿಕ್ಷುಕನಿಗೆ, ಏನೇ ಆಗಲಿ ತನ್ನಲ್ಲಿರುವ ಅತ್ಯುತ್ತಮ ಬಟ್ಟೆಯನ್ನು ತಂದುಕೊಡುತ್ತೇನೆ ಎನ್ನುತ್ತಾನೆ.

ಇವರೆದುರಿಗೆ ಐದನೆಯ ಅಂಕದ ಸೇನಾಧಿಕಾರಿಯನ್ನು ನಿಲ್ಲಿಸಿ. ಕಾರ್ಡೀಲಿಯಳನ್ನು ಕೊಲ್ಲುವ ಆಜ್ಞೆಯನ್ನು ಎಡ್ಮಂಡ್ ಕೊಟ್ಟಾಗ ಅವನು, ಗಾಡಿ ಎಳೆಯುವುದು, ಒಣ ಓಟ್ಸ್ ತಿನ್ನುವುದು ನನ್ನಿಂದಾಗದು, ಮನುಷ್ಯನ ಕೆಲಸವಾದರೆ ಮಾಡುತ್ತೇನೆ ಎನ್ನುತ್ತಾನೆ. ಕೊಲೆಯನ್ನು ಮನುಷ್ಯನ ಕೆಲಸವೆಂದು ಎಣಿಸಿ ಹೋಗುತ್ತಾನೆ. ಅವನಿಗೂ ಹೆಸರಿಲ್ಲ. ಇಬ್ಬರು ಹೆಸರಿಲ್ಲದ ಆಳುಗಳ ಮುಂದೆ ಒಡೆಯನ ಕ್ರೌರ್ಯವೇ ಬಂದು ನಿಂತಿದೆ, ಇಬ್ಬರೂ ಎರಡು ದಿಕ್ಕಿಗೆ ಹೋಗಿದ್ದಾರೆ. ಹುಟ್ಟು, ಅಂತಸ್ತು, ಗ್ರಹಗತಿ ಯಾವುದೂ ಈ ವ್ಯತ್ಯಾಸವನ್ನು ವಿವರಿಸುವುದಿಲ್ಲ.

ಕೆಂಟ್ ಮತ್ತು ಆಸ್ವಾಲ್ಡ್ ಜೋಡಿ ಇನ್ನೂ ತೊಡಕಿನದು. ಕೆಂಟ್ ವೇಷ ಮರೆಸಿಕೊಂಡು ತನ್ನನ್ನು ಓಡಿಸಿದ ರಾಜನನ್ನೇ ಸೇವಿಸುತ್ತಾನೆ. ಆದರೆ ಸಿಕ್ಕಲ್ಲಿ ಜಗಳ ತೆಗೆದು, ಕಾಲಿಗೆ ಕೊರಡು ಹಾಕಿಸಿಕೊಂಡು, ರಾಜನ ಸ್ಥಿತಿಯನ್ನು ಇನ್ನಷ್ಟು ಕೆಡಿಸುವುದೂ ಉಂಟು. ಆಸ್ವಾಲ್ಡ್ ಗಾನೆರಿಲ್‌ಳ ಕೆಟ್ಟ ಕೆಲಸಗಳನ್ನೆಲ್ಲ ಮಾಡುತ್ತಾನೆ, ಬಹುಮಾನದಾಸೆಗೆ ಕುರುಡ ಗ್ಲಾಸ್ಟರನನ್ನು ಕೊಲ್ಲಲು ಹೊರಡುತ್ತಾನೆ. ಆದರೂ ಒಡತಿಯ ಪತ್ರವನ್ನು ತೋರಿಸು ಎಂದು ರೀಗನ್ ಪುಸಲಾಯಿಸಿದಾಗ ಬಿಟ್ಟುಕೊಡುವುದಿಲ್ಲ. ಸಾಯುವಾಗಲೂ ಆ ಪತ್ರ ಎಡ್ಮಂಡನಿಗೆ ತಲುಪಲಿ ಎಂದೇ ಕೇಳಿಕೊಳ್ಳುತ್ತಾನೆ. ಇಬ್ಬರಲ್ಲೂ ಒಂದೇ ಗುಣ. ಹಾಗಾದರೆ ಒಳಿತು ಇರುವುದು ನಿಷ್ಠೆಯಲ್ಲಲ್ಲ, ಒಡೆಯನಿಗೆ ‘ಬೇಡ’ ಎನ್ನಬಲ್ಲ ನಿಷ್ಠೆಯಲ್ಲಿ. ಕೆಂಟ್ ಮೊದಲ ದೃಶ್ಯದಲ್ಲೇ ಆ ಮಾತನ್ನು ಆಡಿದ್ದಾನೆ, ಆಸ್ವಾಲ್ಡ್ ಎಂದೂ ಆಡಿಲ್ಲ.

ಏಳನೆಯ ಹಂತ: ಬದಲಾದ ಗಳಿಗೆಗಳಿಗೆ ಗುರುತು ಹಾಕಿ

ಮೂರನೆಯ ಅಂಕದ ಬಿರುಗಾಳಿಯಲ್ಲಿ ಲಿಯರ್ ವಿದೂಷಕನ ಕಡೆ ತಿರುಗಿ, ಚಳಿಯಾಗುತ್ತಿದೆಯೇ ಮಗು, ನನಗೂ ಚಳಿ ಎನ್ನುತ್ತಾನೆ. ಆಮೇಲೆ ಗುಡಿಸಲಿನೊಳಗೆ ಅವನನ್ನೇ ಮೊದಲು ಹೋಗೆನ್ನುತ್ತಾನೆ. ಮೈಮೇಲೆ ಬಟ್ಟೆಯಿಲ್ಲದ ಬಡವರು ಇಂಥ ರಾತ್ರಿಗಳನ್ನು ಹೇಗೆ ಕಳೆಯುತ್ತಾರೋ, ಇದರ ಬಗ್ಗೆ ನಾನು ತೀರಾ ಕಡಿಮೆ ಚಿಂತಿಸಿದೆ ಎನ್ನುವುದು ಅದರ ನಂತರ. ಗ್ಲಾಸ್ಟರನೂ ಕಣ್ಣು ಕಳೆದುಕೊಂಡ ಮೇಲೆ ಹೆಚ್ಚಿದ್ದು ಹಂಚಿಹೋಗಿ ಪ್ರತಿಯೊಬ್ಬನಿಗೂ ಸಾಕಷ್ಟು ಸಿಗಬೇಕೆಂದು ಅನ್ನುತ್ತಾನೆ. ನೋವು ಮನುಷ್ಯನನ್ನು ಒಳ್ಳೆಯವನಾಗಿಸುತ್ತದೆ ಎಂದು ಇದರಿಂದ ತೀರ್ಮಾನಿಸಬೇಡಿ. ಗ್ಲಾಸ್ಟರ್ ರಾಜನಿಗೆ ನೆರವಾಗಲು ನಿರ್ಧರಿಸಿದ್ದು, ಅದಕ್ಕಾಗಿ ಸಾಯಬೇಕಾದರೂ ಸರಿ ಎಂದದ್ದು, ಕಣ್ಣು ಹೋಗುವ ಮುಂಚೆಯೇ. ಮೊದಲ ದೃಶ್ಯದ ಹಗುರ ಮಾತಿನ ಅಪ್ಪನೇ ಆ ನಿರ್ಧಾರ ಮಾಡಿದವನು.

ಎಡ್ಗರನ ಮೇಲೂ ಇದೇ ಕಣ್ಣಿಡಿ. ಕುರುಡ ತಂದೆಯನ್ನು ಕೈಹಿಡಿದು ನಡೆಸುತ್ತಾನೆ, ಆತ್ಮಹತ್ಯೆಯಿಂದ ಉಳಿಸುತ್ತಾನೆ. ಆದರೆ ತಾನು ಯಾರೆಂದು ಹೆಚ್ಚುಕಡಿಮೆ ಕೊನೆಯ ಗಳಿಗೆಯವರೆಗೂ ಹೇಳುವುದಿಲ್ಲ. ಅದು ತಪ್ಪು ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಕಾರ್ಡೀಲಿಯ ಮಾತ್ರ ಲೆಕ್ಕವನ್ನೇ ಕೈಬಿಟ್ಟವಳು: ನನ್ನನ್ನು ದ್ವೇಷಿಸಲು ನಿನಗೆ ಕಾರಣವಿದೆ ಎಂದು ಲಿಯರ್ ಹೇಳಿದಾಗ, ಕಾರಣವಿಲ್ಲ, ಕಾರಣವಿಲ್ಲ ಎನ್ನುತ್ತಾಳೆ. ಕಾರಣ ಇತ್ತು ಎಂಬುದು ಇಬ್ಬರಿಗೂ ಗೊತ್ತು. ನಿಮ್ಮ ಹಾಳೆಯ ಕಾರಣದ ಅಂಕಣದಲ್ಲಿ ಇಲ್ಲಿ ಬರೆಯಲು ಏನೂ ಇರುವುದಿಲ್ಲ. ಹಾಗೆಯೇ ಖಾಲಿ ಬಿಡಿ.

ಎಂಟನೆಯ ಹಂತ: ದೇವತೆಗಳ ಹೆಸರಿನಲ್ಲಿ ಬಂದ ತೀರ್ಪುಗಳನ್ನು ಒಂದರ ಪಕ್ಕ ಒಂದು ಜೋಡಿಸಿ

ತುಂಟ ಹುಡುಗರ ಕೈಗೆ ಸಿಕ್ಕ ನೊಣಗಳಂತೆ ನಾವು ದೇವತೆಗಳಿಗೆ ಎಂದು ಗ್ಲಾಸ್ಟರ್ ಹೇಳುತ್ತಾನೆ. ದೇವತೆಗಳು ನ್ಯಾಯವಂತರು ಎಂದು ಎಡ್ಗರ್. ಕಾರ್ನ್‌ವಾಲ್ ಸತ್ತ ಸುದ್ದಿ ಕೇಳಿ, ಮೇಲೆ ನ್ಯಾಯಾಧೀಶರಿದ್ದಾರೆ ಎಂದು ಆಲ್ಬನಿ. ಪ್ರತಿಯೊಂದೂ ಆಯಾ ಪಾತ್ರಕ್ಕೆ ಆ ಹೊತ್ತಿನಲ್ಲಿ ಹೊಳೆದ ಮಾತು, ಯಾವುದನ್ನೂ ನಾಟಕದ ತೀರ್ಪೆಂದು ಉದ್ಧರಿಸಬೇಡಿ. ದೇವತೆಗಳು ಅವಳನ್ನು ಕಾಪಾಡಲಿ ಎಂದು ಆಲ್ಬನಿ ಕಾರ್ಡೀಲಿಯಳಿಗಾಗಿ ಬೇಡಿಕೊಂಡ ಬೆನ್ನಲ್ಲೇ ಲಿಯರ್ ಅವಳ ಹೆಣವನ್ನು ಎತ್ತಿಕೊಂಡು ಒಳಗೆ ಬರುತ್ತಾನೆ.

ಈ ಅಂತ್ಯವನ್ನು ಸಹಿಸುವುದು ಎಲ್ಲ ಕಾಲಕ್ಕೂ ಕಷ್ಟವಾಗಿದೆ. ಶೇಕ್ಸ್‌ಪಿಯರ್‌ಗೆ ಮೊದಲೇ ಇದ್ದು 1605ರಲ್ಲಿ ಅಚ್ಚಾದ ಹಳೆಯ ನಾಟಕದಲ್ಲಿ ರಾಜ ಬದುಕಿ ಮತ್ತೆ ಪಟ್ಟವೇರುತ್ತಾನೆ. ಕಿರಿಯ ಮಗಳೂ ಬದುಕುತ್ತಾಳೆ. ಅಂದರೆ ಈ ಸಾವನ್ನು ಶೇಕ್ಸ್‌ಪಿಯರ್ ಬೇಕೆಂದೇ ತಂದದ್ದು. 1681ರಲ್ಲಿ ಕವಿ ನೇಹಮ್ ಟೇಟ್ ಅದನ್ನು ತಿದ್ದಿ, ಕಾರ್ಡೀಲಿಯಳಿಗೆ ಎಡ್ಗರನೊಂದಿಗೆ ಮದುವೆ ಮಾಡಿಸಿದ; ಆ ರೂಪವೇ ಇಂಗ್ಲೆಂಡಿನ ರಂಗಭೂಮಿಯನ್ನು ನೂರೈವತ್ತು ವರ್ಷದಷ್ಟು ಕಾಲ ಆಳಿತು. ಕಾರ್ಡೀಲಿಯಳ ಸಾವಿನಿಂದಾದ ಆಘಾತಕ್ಕೆ, ಸಂಪಾದಕನಾಗಿ ತಿದ್ದಬೇಕಾಗಿ ಬರುವವರೆಗೂ ಕೊನೆಯ ದೃಶ್ಯಗಳನ್ನು ಮತ್ತೆ ಓದಿದೆನೋ ಇಲ್ಲವೋ ತಿಳಿಯದು ಎಂದು ಹದಿನೆಂಟನೆಯ ಶತಮಾನದ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ ಬರೆದಿದ್ದಾನೆ. ಒಳ್ಳೆಯವರಿಗೆ ಒಳ್ಳೆಯದಾಗಬೇಕು ಎಂಬ ಹಂಬಲ ಓದುಗನದು; ಅದನ್ನು ಗೌರವಿಸಿ, ಆದರೆ ಅದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ಕಾರ್ಡೀಲಿಯ ಸತ್ತಳೆಂದು ಅವಳ ಒಳಿತು ಸೋತಂತೆ ಅಲ್ಲ, ಕೇಡಿಗರೆಲ್ಲ ಸತ್ತರೆಂದು ನ್ಯಾಯ ಗೆದ್ದಂತೆಯೂ ಅಲ್ಲ.

ಒಂಬತ್ತನೆಯ ಹಂತ: ಬರೆಯುವಾಗ

ಪಾತ್ರದ ಹೆಸರಿನಿಂದ ಪ್ಯಾರಾ ಆರಂಭಿಸುವ ಬದಲು ಒಂದು ಗಳಿಗೆಯಿಂದ ಆರಂಭಿಸಿ: ‘ರೀಗನ್ ಕ್ರೂರಿ’ ಎಂಬುದಕ್ಕಿಂತ ‘ಆಳನ್ನು ರೀಗನ್ ಹಿಂದಿನಿಂದ ಇರಿದಾಗ’ ಎಂಬುದು ನಿಮ್ಮನ್ನು ವಾದದೊಳಕ್ಕೆ ಎಳೆಯುತ್ತದೆ. ಪ್ರತಿ ಪ್ಯಾರಾಕ್ಕೂ ಹಾಳೆಯಿಂದ ಒಂದು ಕೆಲಸ, ಒಂದು ಕಾರಣ, ಒಂದು ಬೆಲೆ ಬಂದಿರಲಿ. ನಿಮ್ಮ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಸಾಕ್ಷ್ಯವನ್ನಾದರೂ ನೀವೇ ಎತ್ತಿ ತೋರಿಸಿ, ಅದಕ್ಕೆ ಉತ್ತರ ಕೊಡಿ.

ಬರೆದು ಮುಗಿದ ಮೇಲೆ ನಿಮ್ಮ ಮುಖ್ಯ ವಾಕ್ಯವನ್ನು ಇಬ್ಬರ ಮೇಲೆ ಪ್ರಯೋಗಿಸಿ ನೋಡಿ: ಆಸ್ವಾಲ್ಡ್ ಮತ್ತು ಆಲ್ಬನಿ. ‘ಈ ನಾಟಕದಲ್ಲಿ ಒಳ್ಳೆಯವರು ಪ್ರೀತಿಸುವವರು’ ಎಂದು ಬರೆದಿದ್ದರೆ, ಕೊನೆಯ ಉಸಿರಿನವರೆಗೂ ಒಡತಿಯ ಕೆಲಸವನ್ನೇ ನೆನೆದ ಆಸ್ವಾಲ್ಡ್ ಅದನ್ನು ಮುರಿಯುತ್ತಾನೆ. ‘ಕೆಟ್ಟದ್ದನ್ನು ಮಾಡದವರು ಒಳ್ಳೆಯವರು’ ಎಂದಿದ್ದರೆ, ಮೊದಲ ಮೂರು ಅಂಕಗಳಲ್ಲಿ ಏನೂ ಕೆಟ್ಟದ್ದು ಮಾಡದೆ, ಏನನ್ನೂ ತಡೆಯದೆ ಇದ್ದ ಆಲ್ಬನಿ ಅದನ್ನು ಮುರಿಯುತ್ತಾನೆ. ಇಬ್ಬರನ್ನೂ ತಾಳಿಕೊಳ್ಳುವವರೆಗೆ ಆ ವಾಕ್ಯವನ್ನು ತಿದ್ದಿ.